ಬಿಸಿಯೂಟ: ತಟ್ಟೆಯಲ್ಲಿ ಎಷ್ಟಿರಬೇಕು?

ಪ್ರಶ್ನೆ: ಮಗಳು ಸರ್ಕಾರಿ ಶಾಲೆಯಲ್ಲಿ 4ನೇ ತರಗತಿ, ಮಗ 7ನೇ ತರಗತಿ. ಬಿಸಿಯೂಟಕ್ಕೆ ದುಡ್ಡು ಕಟ್ಟಬೇಕೇ? ಇಬ್ಬರಿಗೂ ಒಂದೇ ಅಳತೆಯೇ? ನಾವು ಮೊಟ್ಟೆ ತಿನ್ನುವುದಿಲ್ಲ.

ಉತ್ತರ: ಒಂದು ಪೈಸೆಯೂ ಬೇಡ. ಅಳತೆ ಮಾತ್ರ ಬೇರೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ ಅಕ್ಕಿ ಅಥವಾ ಗೋಧಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಂ. 6ರಿಂದ 8ಕ್ಕೆ ಇವೆಲ್ಲ ಒಂದೂವರೆ ಪಟ್ಟು. ಇದು ಬೇಯಿಸುವ ಮುಂಚಿನ ತೂಕ. 100 ಗ್ರಾಂ ಅಕ್ಕಿ ಅನ್ನವಾದಾಗ ಎರಡೂವರೆ ಪಟ್ಟಾದರೂ ತೂಗುತ್ತದೆ. ಅನ್ನ ಕಡಿಮೆಯಾಯಿತೆಂಬ ದೂರು ಅಪರೂಪ. ಸಾಮಾನ್ಯವಾಗಿ ಸೋರುವುದು ಬೇಳೆ, ತರಕಾರಿ. ಸಾಂಬಾರು ನೀರಾಗಿದೆಯೇ ಎಂದು ಸೌಟು ತಳಕ್ಕಿಳಿಸಿ ನೋಡಿ.

ಮೊಟ್ಟೆ ಬೇಡವೆಂದರೆ ತರಗತಿ ಶಿಕ್ಷಕರಿಗೆ ಮೊದಲೇ ಬರೆದುಕೊಡಿ, ಬಾಳೆಹಣ್ಣು ಕೊಡುತ್ತಾರೆ. ಮೊಟ್ಟೆ ಬೇಯಿಸಿದ ಮೇಲೆ ಹೇಳಿದರೆ ಲೆಕ್ಕ ತಪ್ಪುತ್ತದೆ.

ಶಾಲೆಯಲ್ಲಿ ಪುಡಿಯಿಂದ ಮಾಡಿಕೊಡುವ ಹಾಲು ಗಂಟುಗಟ್ಟಿದ್ದರೆ, ಪುಡಿಯನ್ನು ನೇರ ಕುದಿನೀರಿಗೆ ಸುರಿದಿರಬಹುದು. ಉಗುರುಬೆಚ್ಚಗಿನ ನೀರಲ್ಲಿ ಮೊದಲು ಕಲಸಿಕೊಳ್ಳಬೇಕು.

ಬಡಿಸುವ ಮುನ್ನ ಶಿಕ್ಷಕರೊಬ್ಬರು ಸೇರಿ ದೊಡ್ಡವರು ರುಚಿ ನೋಡಲೇಬೇಕೆಂಬ ನಿಯಮವಿದೆ. ದೂರಿದ್ದರೆ ಮೊದಲು ಮುಖ್ಯ ಶಿಕ್ಷಕರಿಗೆ, ನಂತರ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಅಲ್ಲೂ ಆಗದಿದ್ದರೆ ತಾಲ್ಲೂಕಿನ ಅಕ್ಷರ ದಾಸೋಹ (ಬಿಸಿಯೂಟ ಯೋಜನೆ) ಸಹಾಯಕ ನಿರ್ದೇಶಕರಿಗೆ ತಾರೀಖು ಹಾಕಿ ಬರೆಯಿರಿ. ಅಡುಗೆಯವರ ಮೇಲೆ ರೇಗಬೇಡಿ, ದಾಸ್ತಾನು ತರಿಸುವುದು ಅವರಲ್ಲ.