ತೋಟದ ಮನೆಗೆ ಎರಡು ಬಾಗಿಲ ಇಂಪಾಲಾ: ಕೊಡಗಿನ ಓದುಗರ ಪ್ರಶ್ನೆಗಳು

ಪ್ರಶ್ನೆ: ಮೈಸೂರಿನಲ್ಲಿ 1966ರ ಶೆವರ್ಲೆ ಇಂಪಾಲಾ ಕೂಪೆ ಮಾರಾಟಕ್ಕಿದೆ. 283 ಘನ ಇಂಚಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ಪವರ್‌ಗ್ಲೈಡ್ ಆಟೊಮ್ಯಾಟಿಕ್ ಗೇರು, ಎಡಗೈ ಸ್ಟಿಯರಿಂಗ್. ಬಣ್ಣ ಹೊಸದು, ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಕೊಳ್ಳುವ ಮುಂಚೆ ಏನೇನು ನೋಡಬೇಕು?
– ಓದುಗರು, ಸುಂಟಿಕೊಪ್ಪ

ಉತ್ತರ: ಎಂಜಿನ್ನನ್ನು ಕೊನೆಗೆ ನೋಡಿ. ಈ ವಿ8ಗೆ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲವೂ ಅಮೆರಿಕದಲ್ಲಿ ಇವತ್ತಿಗೂ ಹೊಸದಾಗಿ ಸಿಗುತ್ತವೆ. ತುಕ್ಕು ತಿಂದ ಚಾಸಿಗೆ ಅಂಥ ದಾರಿಯಿಲ್ಲ. ನಮ್ಮ ಮಳೆಯಲ್ಲಿ ಸಣ್ಣ ತುಕ್ಕೂ ಎರಡೇ ವರ್ಷದಲ್ಲಿ ತೂತಾಗುತ್ತದೆ. ಹೊಸ ಬಣ್ಣ ಎಂದರೆ ನನಗೆ ಮೊದಲು ಅನುಮಾನವೇ ಬರುತ್ತದೆ.

ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ. ಚಾಸಿ ಹಿಂಚಕ್ರದ ಮುಂದೆ ಮೇಲಕ್ಕೆ ಬಾಗುವ ಜಾಗದಲ್ಲಿ ಕೆಸರು ಒಳಗೆ ಸೇರಿ ಕೂರುತ್ತದೆ, ಕೊಳೆಯುವುದು ಒಳಗಿನಿಂದ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎಂದು ಪುಡಿ ಉದುರಿಸುತ್ತದೆ. ಆಮೇಲೆ ಹಿಂಗಾಜಿನ ಕೆಳಗಿನ ಎರಡು ಮೂಲೆ. ಗಾಜಿನ ಪಟ್ಟಿಯ ಅಡಿಯಲ್ಲಿ ನೀರು ನಿಂತು ಅಲ್ಲಿಂದ ಡಿಕ್ಕಿಗೆ ಸೋರುತ್ತದೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೂರುವ ಗುಂಡಿಗೆ ಕೈ ಹಾಕಿ ನೋಡಿ. ಬಾಗಿಲ ಕೆಳಭಾಗಕ್ಕೂ ಹಿಂಚಕ್ರದ ಕಮಾನಿಗೂ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಒಳಗಿರುವುದು ಪುಟ್ಟಿ.

ಎಡ ಮುಂಬಾಗಿಲ ಹಿಂಜಿನ ಕಂಬದ ಮೇಲೆ 13 ಅಕ್ಷರ-ಅಂಕಿಗಳ ಚಾಸಿ ನಂಬರಿನ ಪಟ್ಟಿ ಇರುತ್ತದೆ. 1966ರ ವಿ8 ಇಂಪಾಲಾ ಕೂಪೆಯಾದರೆ ಅದು 164376 ಎಂದು ಶುರುವಾಗಬೇಕು: 164 ವಿ8 ಇಂಪಾಲಾ, 37 ಎರಡು ಬಾಗಿಲಿನ ಹಾರ್ಡ್‌ಟಾಪ್, 6 ವರ್ಷ. ಆರ್‌ಸಿಯ ಜೊತೆ ಒಂದೊಂದು ಅಂಕಿಯನ್ನೂ ಹೋಲಿಸಿ.

ಎಂಜಿನ್ ಬಿಸಿಯಾದ ಮೇಲೆ ಎಂಟೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಪಿಸ್ಟನ್ ಒಳಗೆ ಹುಟ್ಟಿಸುವ ಒತ್ತಡ, ನೋಡಿ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ 20 ಪಿಎಸ್‌ಐಗಿಂತ ವ್ಯತ್ಯಾಸ ಇರಬಾರದು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅಳೆದರೆ ಎಂಟರಲ್ಲೂ ಸಮನಾಗಿ ಕಡಿಮೆ ಬರುತ್ತದೆ, ಅದು ದೋಷವಲ್ಲ. ಆಟೊಮ್ಯಾಟಿಕ್ ಗೇರಿನ ಆಯಿಲ್ ಕೆಂಪಗಿರಬೇಕು. ಕಂದು ಬಣ್ಣ, ಸುಟ್ಟ ವಾಸನೆ ಇದ್ದರೆ ಒಳಗಿನ ಕ್ಲಚ್ ಪ್ಲೇಟು ಹೋಗಿದೆ.

ಕ್ರೋಮ್ ಪಟ್ಟಿ, ದೀಪದ ಗಾಜು, ಬಂಪರ್ ಎಲ್ಲವೂ ಮೈಮೇಲೆ ಇದ್ದ ಗಾಡಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಅವು ಆಯಾ ವರ್ಷಕ್ಕೆ ಮಾತ್ರ ಹೊಂದುತ್ತವೆ, ಒಂದೊಂದಾಗಿ ಹುಡುಕಿ ತರಿಸುವುದು ದುಬಾರಿ. ಇನ್ನೊಂದು ಮಾತು: ಗಾಡಿ 5.4 ಮೀಟರ್ ಉದ್ದ, 2 ಮೀಟರ್ ಅಗಲ. ಮುಂಗಡ ಕೊಡುವ ಮೊದಲು ತೋಟದ ಗೇಟು, ಶೆಡ್ಡು, ಅಂಗಳದ ತಿರುವು ಅಳೆದುಕೊಳ್ಳಿ.

ಪ್ರಶ್ನೆ: ನಮ್ಮದೂ ಅದೇ ಗಾಡಿ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಕೊಯನಾಡು ತಲುಪುವಷ್ಟರಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ. ಸುಟ್ಟ ವಾಸನೆ ಬೇರೆ.
– ಓದುಗರು, ಮಡಿಕೇರಿ

ಉತ್ತರ: ದಯವಿಟ್ಟು ಇದು ಸರಿಯಾಗುವವರೆಗೆ ಘಾಟಿ ಇಳಿಯಬೇಡಿ. ಪೆಡಲ್ ಗಟ್ಟಿಯಿದ್ದೂ ನಿಲ್ಲದಿದ್ದರೆ ಲೈನರ್ (ಡ್ರಮ್ಮಿಗೆ ಒತ್ತಿ ಉಜ್ಜುವ ಪಟ್ಟಿ) ಕಾದು ಹಿಡಿತ ಬಿಟ್ಟಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಆಯಿಲ್ ಕುದಿದಿದೆ ಅಥವಾ ಗಾಳಿ ಸೇರಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ನಾಲ್ಕು ಚಕ್ರಕ್ಕೂ 11 ಇಂಚಿನ ಡ್ರಮ್ ಬ್ರೇಕ್, ಗಾಡಿಯ ತೂಕ ಒಂದೂವರೆ ಟನ್ನಿಗೂ ಹೆಚ್ಚು. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಡ್ರಮ್ಮುಗಳನ್ನು ತೆಗೆಸಿ ಅಳೆಸಿ: ಲೇತಿನಲ್ಲಿ ಮೂಲ ವ್ಯಾಸಕ್ಕಿಂತ ಒಂದೂವರೆ ಮಿಲಿಮೀಟರ್ ಮೀರಿ ಕೊರೆಸಿದ್ದರೆ ಬದಲಿಸಿ. ತೆಳುವಾದ ಡ್ರಮ್ ಬೇಗ ಕಾಯುತ್ತದೆ. ಗಾಜಿನಂತೆ ಹೊಳೆಯುತ್ತಿರುವ ಲೈನರನ್ನು ಉಜ್ಜಿ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ, ಹೊಸದು ಹಾಕಿಸಿ. ರಬ್ಬರ್ ಹೋಸ್ ಮೂರನ್ನೂ ಬದಲಿಸಿ. ಹಳೆಯ ಹೋಸ್ ಒಳಗೇ ಊದಿ ಆಯಿಲನ್ನು ವಾಪಸ್ ಬಿಡುವುದಿಲ್ಲ, ಕಾಲು ತೆಗೆದ ಮೇಲೂ ಬ್ರೇಕ್ ಉಜ್ಜುತ್ತಲೇ ಇರುತ್ತದೆ. ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಯಾವ ಚಕ್ರದಲ್ಲಿ ಹೆಚ್ಚು ಬಿಸಿಯಿದೆ ಎಂದು ಕೈ ತಾಗಿಸದೆ ಹತ್ತಿರ ಹಿಡಿದು ನೋಡಿದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿದೆ. 1966ರ ಇಂಪಾಲಾದಲ್ಲಿ ನಾಲ್ಕು ಚಕ್ರಕ್ಕೂ ಒಂದೇ ದಾರಿ. ಎಲ್ಲೋ ಒಂದು ಪೈಪ್ ಸೋರಿದರೆ ನಾಲ್ಕೂ ಹೋದಂತೆ. 1967ರಿಂದ ಮುಂದೆ ಹಿಂದೆ ಬೇರೆ ಬೇರೆ ದಾರಿಯ ಜೋಡಿ ಸಿಲಿಂಡರ್ ಬಂತು. ಡ್ರಮ್ ಬ್ರೇಕಿಗೆಂದೇ ಇರುವ ಆ 1967ರ ಮಾದರಿಯನ್ನು ಹಾಕಿಸಿ, ಹಿಂದಿನ ಪೈಪನ್ನು ಪ್ರತ್ಯೇಕಿಸಿ. ಕೊಡಗಿನಲ್ಲಿ ಇದನ್ನು ಮಾಡಿಸದೆ ಈ ಗಾಡಿ ಓಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಳಿ ತೆಗೆಯುವ ಕ್ರಮ: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಹಾಗಾಗಿ ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಿಸಿ.

ಓಡಿಸುವ ರೀತಿಯೂ ಮುಖ್ಯ. ಪವರ್‌ಗ್ಲೈಡಿಗೆ ಇರುವುದು ಎರಡೇ ಗೇರು. ಇಳಿಜಾರು ಶುರುವಾಗುವ ಮೊದಲೇ ವೇಗ ಗಂಟೆಗೆ 40 ಕಿಲೋಮೀಟರಿಗೆ ಇಳಿಸಿ ಕೆಳಗಿನ ಗೇರಾದ ‘ಎಲ್’ಗೆ ಹಾಕಿ, ಎಂಜಿನ್ ಹಿಡಿಯಲಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಡಿ.

ಪ್ರಶ್ನೆ: ಸಂಪಾಜೆಯಿಂದ ಮೇಲೆ ಹತ್ತುವಾಗ ಬಿಸಿಲಿನಲ್ಲಿ ಗಾಡಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ.
– ಓದುಗರು, ವಿರಾಜಪೇಟೆ

ಉತ್ತರ: ನಿಂತ ಕೂಡಲೇ ಏರ್ ಕ್ಲೀನರ್ ಬಿಚ್ಚಿ. ಎಂಜಿನ್ ಬಂದ್ ಇರುವಾಗಲೇ ಕಾರ್ಬುರೇಟರ್ ಬಾಯಿ ನೋಡುತ್ತಾ, ಮುಖ ದೂರವಿಟ್ಟು, ಆಕ್ಸಿಲರೇಟರ್ ಕಡ್ಡಿಯನ್ನು ಕೈಯಿಂದ ಎಳೆಯಿರಿ. ಪೆಟ್ರೋಲ್ ಚಿಮ್ಮಿದರೆ ದೋಷ ಹೆಚ್ಚಾಗಿ ಇಗ್ನಿಷನ್ ಕಾಯಿಲ್‌ನದು, ಬಿಸಿಯಾದಾಗ ಕಿಡಿ ಬಿಡುವುದನ್ನು ನಿಲ್ಲಿಸುತ್ತಿದೆ. ಚಿಮ್ಮದಿದ್ದರೆ ಪೆಟ್ರೋಲ್ ಬರುತ್ತಿಲ್ಲ.

ಬಾರದಿರುವುದಕ್ಕೂ ಎರಡು ಕಾರಣ. ಮೊದಲನೆಯದು ಟ್ಯಾಂಕಿನೊಳಗಿನ ಜಾಲರಿಗೆ ತುಕ್ಕಿನ ಪುಡಿ ಅಂಟಿಕೊಳ್ಳುವುದು. ನಿಂತಾಗ ಪುಡಿ ಕೆಳಗಿಳಿಯುತ್ತದೆ, ಗಾಡಿ ಮತ್ತೆ ಹೊರಡುತ್ತದೆ. ಇದು ತಂಪು ಹೊತ್ತಿನಲ್ಲೂ ಆಗುತ್ತದೆ. ಬಿಸಿಲಲ್ಲಿ ಮಾತ್ರ ಆದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತಿದೆ. ಪೈಪನ್ನು ಎಗ್ಸಾಸ್ಟಿನಿಂದ ಕನಿಷ್ಠ 5 ಸೆಂಟಿಮೀಟರ್ ದೂರ ಸರಿಸಿ, ಕಾರ್ಬುರೇಟರ್ ಅಡಿಗೆ ಶಾಖ ತಡೆಯುವ ದಪ್ಪ ಸ್ಪೇಸರ್ ಹಾಕಿಸಿ, ಎಗ್ಸಾಸ್ಟಿನ ಶಾಖದ ಕವಾಟ ಮುಚ್ಚಿಕೊಂಡೇ ಸಿಕ್ಕಿಬಿದ್ದಿಲ್ಲ ತಾನೇ ಎಂದು ನೋಡಿ. ಈಗಿನ ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಹೋಸುಗಳೆಲ್ಲ ಫ್ಯೂಯಲ್ ಇಂಜೆಕ್ಷನ್ ದರ್ಜೆಯವಾಗಲಿ.

ಪ್ರಶ್ನೆ: ವಿಂಟೇಜ್ ನೋಂದಣಿ ಮಾಡಿಸಿದರೆ ಒಳ್ಳೆಯದೇ?
– ಓದುಗರು, ಗೋಣಿಕೊಪ್ಪ

ಉತ್ತರ: 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ 2021ರ ಕೇಂದ್ರ ನಿಯಮದಂತೆ ‘ವಿಎ’ ಅಕ್ಷರದ ನಂಬರ್ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ನಂಬರಿನಲ್ಲಿ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ವಾರಕ್ಕೊಮ್ಮೆ ಪೇಟೆಗೆ ಹೋಗಬೇಕೆಂದಿದ್ದರೆ ಹಳೆಯ ನೋಂದಣಿಯನ್ನೇ ನವೀಕರಿಸಿಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ನಾಲ್ಕು ತಿಂಗಳು ನಿಲ್ಲಿಸುತ್ತೇವೆ. ಏನು ಮಾಡಬೇಕು?
– ಓದುಗರು, ಸೋಮವಾರಪೇಟೆ

ಉತ್ತರ: ಗೊಬ್ಬರದ ಮೂಟೆ ಇಡುವ ಶೆಡ್ಡಿನಲ್ಲಿ ನಿಲ್ಲಿಸಬೇಡಿ, ಪೊಟ್ಯಾಷ್ ಪುಡಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಟಾರ್ಪಾಲೂ ಬೇಡ. ಗಾಳಿಯಾಡುವ ಹತ್ತಿ ಬಟ್ಟೆ ಸಾಕು. ನಿಲ್ಲಿಸುವ ಮೊದಲು ಎಂಜಿನ್ ಆಯಿಲ್ ಬದಲಿಸಿ: ಫಿಲ್ಟರ್ ಸೇರಿ 4.7 ಲೀಟರ್. ಜಿಂಕ್ ಅಂಶ ಹೆಚ್ಚಿರುವ 20ಡಬ್ಲ್ಯೂ-50 ಇರಲಿ, ಹಳೆಯ ಕ್ಯಾಮ್‌ಶಾಫ್ಟಿಗೆ ಅದು ಬೇಕು. ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಇದ್ದಷ್ಟೂ ನೀರಹನಿ ಕಟ್ಟುತ್ತದೆ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಇಲಿ ನುಗ್ಗದಂತೆ ಏರ್ ಕ್ಲೀನರಿನ ಮೂತಿಗೂ ಸೈಲೆನ್ಸರಿಗೂ ತಂತಿಜಾಲರಿ ಕಟ್ಟಿ. ಸ್ಟಾರ್ಟ್ ಮಾಡುವ ಮೊದಲು ಅದನ್ನು ಬಿಚ್ಚಲು ಮರೆಯದಂತೆ ಸ್ಟಿಯರಿಂಗಿಗೆ ಒಂದು ಚೀಟಿ ಕಟ್ಟಿಡಿ. ನಡುವೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುವ ಅಭ್ಯಾಸ ಬಿಡಿ, ಅದರಿಂದ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ.

ಸೆಪ್ಟೆಂಬರಿನ ಕೈಲ್ ಪೋಳ್ದ್ ಹಬ್ಬ ಕಳೆದು ಬಿಸಿಲು ಬಂದ ಮೇಲೆ ಹೊರತೆಗೆಯುವಾಗ ಮುಂಗಾಜಿನ ಕೆಳಗಿನ ಗಾಳಿ ಜಾಲರಿ ಬಿಚ್ಚಿ. ಸಿಲ್ವರ್ ಓಕ್ ಎಲೆ ಅಲ್ಲಿ ಬಿದ್ದು ಕಪ್ಪು ಗೊಬ್ಬರವಾಗಿ ನೀರು ಹೋಗುವ ತೂತನ್ನು ಮುಚ್ಚಿರುತ್ತದೆ. ಚಾಲಕನ ಕಾಲಡಿಯ ತಗಡು ಕೊಳೆಯುವುದು ಅಲ್ಲಿಂದಲೇ. ಕೈಯಿಂದ ಬಾಚಿ ತೆಗೆದು ಒಂದು ಚೊಂಬು ನೀರು ಸುರಿಯಿರಿ. ಅದು ಮುಂಚಕ್ರದ ಹಿಂದೆ ನೆಲಕ್ಕೆ ಬೀಳಬೇಕು, ಒಳಗಿನ ಮ್ಯಾಟ್ ಒದ್ದೆಯಾಗಬಾರದು.