ಬೆಳಗ್ಗೆ ವಚನ, ತಿಂಗಳ ಕೊನೆಗೆ ಓಟಿ ಇಲ್ಲ

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಚ್‌ಆರ್ ಮ್ಯಾನೇಜರ್. ಮಾಲೀಕರು ಬಸವಣ್ಣನವರ ಭಕ್ತರು. ದಿನಾ ಬೆಳಗ್ಗೆ ಎಲ್ಲರೂ ನಿಂತು ವಚನ ಹೇಳಬೇಕು. ಆರ್ಡರ್ ಜಾಸ್ತಿ ಇದ್ದರೆ ರಾತ್ರಿ ಎಂಟರವರೆಗೆ ಕೆಲಸ. ಓಟಿ, ಅಂದರೆ ಹೆಚ್ಚು ಹೊತ್ತು ದುಡಿದದ್ದಕ್ಕೆ ಹಣ ಕೇಳಿದರೆ ‘ಕಾಯಕವೇ ಕೈಲಾಸ’ ಅನ್ನುತ್ತಾರೆ. ಮನುಷ್ಯ ಕೆಟ್ಟವರಲ್ಲ. ಅವರಿಗೆ ಹೇಗೆ ಹೇಳಲಿ?

ಉತ್ತರ: ಅವರು ನಂಬಿದ್ದನ್ನೇ ಹಿಡಿದು ಮಾತಾಡಿ. ಆಯ್ದಕ್ಕಿ ಮಾರಯ್ಯನವರ ಕಥೆ ಅವರಿಗೆ ಗೊತ್ತೇ ಇರುತ್ತದೆ. ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದರು. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ನಮಗ್ಯಾಕೆ, ತಂದಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದರು. ಕಾಯಕ ಅಂದರೆ ಬರೀ ಮೈಮುರಿದು ದುಡಿಯುವುದಲ್ಲ, ತನ್ನದಲ್ಲದ್ದು ಮನೆಗೆ ಬರಬಾರದು ಅನ್ನುವುದೂ ಅದರಲ್ಲೇ ಇದೆ. ಹಾಗಾದರೆ ಸಂಬಳ ಕೊಡದೆ ದುಡಿಸಿಕೊಂಡ ಎರಡು ಗಂಟೆ ಯಾರದು? ನಿಮ್ಮ ಮಾಲೀಕರ ಮನೆಗೆ ಬಂದ ಹೆಚ್ಚಿನ ಅಕ್ಕಿ ಅದೇ ಅಲ್ವಾ? ಮರ್ಯಾದೆಯಿಂದಲೇ ಕೇಳಿ, ಆದರೆ ನೇರವಾಗಿ ಕೇಳಿ.

ದಾಸೋಹದ ಮಾತನ್ನೂ ಎತ್ತಿ. ಕಾಯಕದಿಂದ ಬಂದದ್ದು ಹಂಚಿಕೆಯಾಗಬೇಕು ಅಂದವರು ಶರಣರು. ಕಾಯಕ ಕೆಲಸಗಾರರಿಗೆ, ಲಾಭ ಮಾಲೀಕರಿಗೆ ಅಂದರೆ ಅದು ಶರಣರ ದಾರಿಯಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿ. ಖಜಾನೆ, ಅಧಿಕಾರ ಎರಡೂ ಅವರ ಕೈಯಲ್ಲಿತ್ತು. ಆದರೂ ಅನುಭವ ಮಂಟಪದಲ್ಲಿ ಪೀಠದ ಮೇಲೆ ಕೂತವರು ಅಲ್ಲಮಪ್ರಭು. ಮಡಿವಾಳರು, ಅಂಬಿಗರು, ಹೆಣ್ಣುಮಕ್ಕಳು ಅಲ್ಲಿ ಎದ್ದು ಮಾತಾಡಿದರು. ನಿಮ್ಮ ಕಾರ್ಖಾನೆಯಲ್ಲಿ ಮೆಷಿನ್ ಮುಂದೆ ನಿಲ್ಲುವವರು ಮಾಲೀಕರ ಎದುರು ಹಾಗೆ ಮಾತಾಡಲು ಆಗುತ್ತದಾ? ನನಗೆ ಓಟಿಗಿಂತ ದೊಡ್ಡ ಪ್ರಶ್ನೆ ಇದೇ. ತಿಂಗಳಿಗೊಮ್ಮೆ ಸಭೆ ಇಡಿಸಿ. ಮೊದಲ ಮಾತು ಅವರದಾಗಲಿ, ಮಾಲೀಕರು ಕೊನೆಗೆ ಮಾತಾಡಲಿ.

ಬೆಳಗಿನ ವಚನ ಇರಲಿ, ಒತ್ತಾಯ ಬೇಡ. ಬೇರೆ ಧರ್ಮದವರೂ ನಿಮ್ಮಲ್ಲಿರಬಹುದು. ಬರದವರ ಹೆಸರು ಯಾರೂ ಬರೆದಿಡಬಾರದು.

ಇನ್ನು ಕಾನೂನು. ಕಾರ್ಖಾನೆಯಲ್ಲಿ ವಾರಕ್ಕೆ 48 ಗಂಟೆ ಮೀರಿ ದುಡಿಸಿದರೆ ಎರಡು ಪಟ್ಟು ದರದಲ್ಲಿ ಕೊಡಬೇಕು. ಇದನ್ನು ಬೆದರಿಕೆಯಂತೆ ಹೇಳಬೇಡಿ, ಆದರೆ ಮುಚ್ಚಿಡಲೂ ಬೇಡಿ. ಎಚ್‌ಆರ್ ಆಗಿ ಹಾಜರಿ ಪುಸ್ತಕಕ್ಕೆ ನೀವೂ ಹೊಣೆ. ಈ ತಿಂಗಳ ಸಂಬಳದ ಪಟ್ಟಿ ಸಹಿಗೆ ಹೋಗುವ ಮುಂಚೆಯೇ ಮಾಲೀಕರನ್ನು ಕಾಣಿ. ಯಾರಿಗೆ ಎಷ್ಟು ಗಂಟೆ ಬಾಕಿ ಇದೆ ಅನ್ನುವ ಲೆಕ್ಕವನ್ನೂ ಜೊತೆಗೆ ಒಯ್ಯಿರಿ.