ಕರಾವಳಿಯ ಕ್ರಿಸ್ಮಸ್: ಕುಸ್ವಾರ್, ಗೋದಲಿ, ಬಾಸೆಲ್ ಮಿಷನ್ – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಂಗಳೂರಿನ ಕ್ರಿಸ್ಮಸ್ ತಿಂಡಿಗಳನ್ನು ಬಾಸೆಲ್ ಮಿಷನ್‌ನ ಜರ್ಮನ್ ಪಾದ್ರಿಗಳು ಕಲಿಸಿಕೊಟ್ಟರು ಎಂದು ಕೇಳಿದ್ದೇನೆ. ನಿಜವೇ? (ಶಿವಮೊಗ್ಗದ ಓದುಗರು)

ಉತ್ತರ: ನಿಜವಲ್ಲ. ಇಲ್ಲಿ ಎರಡು ಬೇರೆ ಬೇರೆ ಕವಲುಗಳು ಕಲಸಿಹೋಗಿವೆ. ಕುಸ್ವಾರ್ ಎನ್ನುವುದು, ಅಂದರೆ ಈ ಕ್ರಿಸ್ಮಸ್ ತಿಂಡಿಗಳ ತಟ್ಟೆ, ಕೊಂಕಣಿ ಮಾತನಾಡುವ ಕಥೋಲಿಕರ ಮನೆಯದು. ಅವರ ಹಿರಿಯರು 16ನೇ ಶತಮಾನದಿಂದ ತಂಡತಂಡವಾಗಿ ಗೋವೆಯಿಂದ ದಕ್ಷಿಣಕ್ಕೆ ಬಂದವರು. ಮಂಗಳೂರಿನ ರೊಜಾರಿಯೊ ಇಗರ್ಜಿ (ಚರ್ಚು) 1568ರಷ್ಟು ಹಳೆಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ನಡೆಯುತ್ತಿದ್ದ ಬಾಸೆಲ್ ಮಿಷನ್‌ನ ಮೊದಲ ಮೂವರು ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಮಂಗಳೂರು ಮುಟ್ಟಿದ್ದು 1834ರ ಅಕ್ಟೋಬರ್ ಕೊನೆಗೆ. ಅವರು ಪ್ರೊಟೆಸ್ಟಂಟರು. ಅವರು ಬರುವ ಹೊತ್ತಿಗೆ ಇಲ್ಲಿನ ಕಥೋಲಿಕರ ಅಡುಗೆಮನೆಗಳಲ್ಲಿ ನೆವ್ರಿ ಕರಿದು ತಲೆಮಾರುಗಳೇ ಕಳೆದಿದ್ದವು.

ತಟ್ಟೆಯನ್ನೇ ನೋಡಿದರೂ ಇದು ಗೊತ್ತಾಗುತ್ತದೆ. ನೆವ್ರಿ ನಮ್ಮ ಕರ್ಜಿಕಾಯಿ, ತುಕ್ಡಿ ನಮ್ಮ ಶಂಕರಪೋಳಿ. ಎಳ್ಳುಂಡೆ, ಚಕ್ಕುಲಿ ಯಾರ ಮನೆಯಲ್ಲಿಲ್ಲ? ಗೇರುಬೀಜ, ಪೇರಳೆ ಎರಡೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಗಿಡಗಳು. ಅವರ ದೇಶದಲ್ಲಿ ಕ್ವಿನ್ಸ್ ಎಂಬ ಹಣ್ಣನ್ನು ಸಕ್ಕರೆಯೊಂದಿಗೆ ಕಾಯಿಸಿ ಬಿಲ್ಲೆ ಮಾಡುತ್ತಾರೆ. ಆ ಹಣ್ಣು ಈ ಸೆಕೆಯಲ್ಲಿ ಬೆಳೆಯದು. ಅದರ ಜಾಗಕ್ಕೆ ಪೇರಳೆ ಬಂತು, ‘ಪೆರಾಡ್’ ಆಯಿತು.

ಪ್ರಶ್ನೆ: ಹಾಗಾದರೆ ಬಾಸೆಲ್ ಮಿಷನರಿಗಳ ಬದುಕು ಇಲ್ಲಿ ಹೇಗಿತ್ತು? ಬರೀ ಬೋಧನೆಯೇ? (ಧಾರವಾಡದಿಂದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಅವರ ವರ್ಷವನ್ನು ಭಾಗ ಮಾಡಿದ್ದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಹಳೆಯ ಬಂದರಿಗೆ ಹಡಗು ಬರುವಂತಿರಲಿಲ್ಲ, ಹೊಳೆ ದಾಟುವುದೂ ಕಷ್ಟ. ಆ ತಿಂಗಳುಗಳು ಮುನ್ಶಿಯ ಬಳಿ ಭಾಷೆ ಕಲಿಯಲು, ಅನುವಾದಕ್ಕೆ, ಶಾಲೆಗೆ. ಮಳೆ ಬಿಟ್ಟ ಮೇಲೆ ಸಂಚಾರ: ಊರೂರು, ಸಂತೆ, ಜಾತ್ರೆ. ಹೀಗಾಗಿ ಕ್ರಿಸ್ಮಸ್ ಬೀಳುತ್ತಿದ್ದುದು ಓಡಾಟದ ಕಾಲದ ನಟ್ಟನಡುವೆ. ಅವರ ಊರಿನಲ್ಲಿ ಅದು ಮನೆಯೊಳಗೆ ಒಲೆ ಹೊತ್ತಿಸಿ ಕೂರುವ ಕಾಲ. ಜ್ವರ ಅವರ ದೊಡ್ಡ ಶತ್ರು. ಬಿಸಿಲಿಗೆ ಸೋತು ಕಾಯಿಲೆ ಬಿದ್ದವರು ಚೇತರಿಸಿಕೊಳ್ಳಲು ನೀಲಗಿರಿಯ ಕೇಟಿಗೆ ಹತ್ತುತ್ತಿದ್ದರು. ಅಲ್ಲಿ 1846ರಿಂದ ಮಿಷನ್‌ನ ಠಾಣ್ಯವಿತ್ತು.

ಮಿಷನರಿ ಒಂಟಿಯಾಗಿಯೇ ಹೊರಡಬೇಕು ಎಂಬುದು ನಿಯಮ. ಎರಡು ವರ್ಷ ಕೆಲಸ ಮಾಡಿದ ಮೇಲಷ್ಟೇ ಮದುವೆಗೆ ಬಾಸೆಲ್‌ನ ಸಮಿತಿಯ ಅಪ್ಪಣೆ ಕೇಳಬಹುದು. ಎಷ್ಟೋ ಹುಡುಗಿಯರು ವರನ ಮುಖವನ್ನೇ ನೋಡದೆ ಸಮುದ್ರ ದಾಟಿ ಬಂದರು. ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಬಾಸೆಲ್‌ನ ಮಕ್ಕಳ ಮನೆಗೆ ಕಳುಹಿಸಬೇಕಿತ್ತು. ಮತ್ತೆ ಹೆತ್ತವರನ್ನು ಕಾಣುವಾಗ ಆ ಮಕ್ಕಳು ಬೆಳೆದು ನಿಂತಿರುತ್ತಿದ್ದರು, ಕೆಲವರು ಕಾಣಲೇ ಇಲ್ಲ. ಈ ಮಿಷನರಿಗಳ ಕಥೆ ಹೇಳುವಾಗ ಪುಸ್ತಕ, ಪತ್ರಿಕೆಗಳ ಲೆಕ್ಕ ಮಾತ್ರ ಹೇಳಿ ಈ ತಾಯಂದಿರನ್ನು ಬಿಟ್ಟುಬಿಡುವುದು ಸರಿಯಲ್ಲ.

ಬೋಧನೆಯಾಚೆಗಿನ ಕೆಲಸ ಬಹಳ. ಮತಾಂತರವಾದವನಿಗೆ ಜಾತಿಯ ಜೊತೆಗೆ ಕಸುಬೂ ಗೇಣಿಯ ನೆಲವೂ ಹೋಗುತ್ತಿದ್ದವು. ಅವನ ಊಟಕ್ಕೆ ದಾರಿ ಮಾಡಲು ನೇಯ್ಗೆ ಶಾಲೆ ಬಂತು, 1865ರಲ್ಲಿ ಮಿಷನರಿ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಂಡೆಯ ಜೇಡಿಮಣ್ಣು, ಬಂದರಿಗೆ ಒಯ್ಯಲು ದೋಣಿ, ಎರಡೂ ಕೈಯಳತೆಯಲ್ಲಿದ್ದವು. ಮುದ್ರಣಾಲಯ 1841ರದು. ಮಿಷನರಿ ಮೊಗ್ಲಿಂಗ್ ಅವರ ‘ಮಂಗಳೂರು ಸಮಾಚಾರ’ ಪತ್ರಿಕೆ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂತು. 1853ರಲ್ಲಿ 21ರ ಹರೆಯದಲ್ಲಿ ಬಂದ ಕಿಟೆಲ್, ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮುಗಿಸಿಕೊಟ್ಟರು.

ಕ್ರಿಸ್ಮಸ್‌ಗೆ ನೇರವಾಗಿ ಸಂಬಂಧಿಸಿದ ಮಾತೊಂದಿದೆ. ಸಭೆಯಲ್ಲಿ ಹಾಡುತ್ತಿದ್ದುದು ಜರ್ಮನ್ ರಾಗಕ್ಕೆ ಕೂಡಿಸಿದ ಕನ್ನಡ ಪದ. ಅಲ್ಲಿನ ಸ್ವರದ ಏರಿಳಿತಕ್ಕೆ ನಮ್ಮ ಮಾತಿನ ಹ್ರಸ್ವ–ದೀರ್ಘ ಹೊಂದುವುದಿಲ್ಲ. ಹ್ರಸ್ವವನ್ನು ಎಳೆದು, ದೀರ್ಘವನ್ನು ತುಂಡರಿಸಿ ಹಾಡಬೇಕಾಗುತ್ತದೆ. ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ದೇಸಿ ಛಂದಸ್ಸಿಗೆ ತಂದರು. ಅವರು ಮುಂದೆ ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸಿನ ಹಳಗನ್ನಡ ಗ್ರಂಥಗಳನ್ನು ಸಂಪಾದಿಸಿದ್ದೂ ಇದೇ ಆಸಕ್ತಿಯ ಮುಂದುವರಿಕೆ.

ಪ್ರಶ್ನೆ: ಕ್ರಿಸ್ಮಸ್ ಮರಕ್ಕೆ ಇಲ್ಲಿ ಏನು ಬಳಸಬೇಕು? (ಕಾರವಾರ)

ಉತ್ತರ: ಗಾಳಿಮರದ ಕೊಂಬೆ. ಎಲೆ ಸೂಜಿಯಂತೆ ಕಾಣುತ್ತದೆ, ಕಡಲ ಕರೆಯಲ್ಲಿ ಧಾರಾಳ ಸಿಗುತ್ತದೆ. ನೆಟ್ಟವರನ್ನು ಕೇಳಿ ಕಡಿಯಿರಿ. 23ರ ಸಂಜೆ ತಂದು, ಬುಡವನ್ನು ಓರೆಯಾಗಿ ಕತ್ತರಿಸಿ, ಬಕೆಟಿನಲ್ಲಿ ಒದ್ದೆ ಹೊಯ್ಗೆ (ಮರಳು) ತುಂಬಿ ನಿಲ್ಲಿಸಿ. ವಾರ ಮುಂಚೆ ತಂದರೆ ಹಬ್ಬದ ದಿನಕ್ಕೆ ಎಲೆಯೆಲ್ಲ ನೆಲದ ಮೇಲಿರುತ್ತದೆ. ಒಣಗಿದ ಗಾಳಿಮರ ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ಮೇಣದ ಬತ್ತಿ ಬೇಡವೇ ಬೇಡ.

ಪ್ರಶ್ನೆ: ರೋಸ್ ಕುಕೀಸ್ ಅಚ್ಚು ಬಿಟ್ಟು ಬರುವುದಿಲ್ಲ. ಬಂದರೂ ಮರುದಿನ ಮೆತ್ತಗಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? (ಬೆಂಗಳೂರಿನ ಗೃಹಿಣಿ)

ಉತ್ತರ: ಮಂಗಳೂರಿನ ಮನೆಗಳಲ್ಲಿ ಇದಕ್ಕೆ ಕೊಕ್ಕಿಸಾಂ ಎನ್ನುತ್ತಾರೆ. ಮೊದಲು ಅಳತೆ: ಬೆಳ್ತಿಗೆ ಅಕ್ಕಿ, ಅಂದರೆ ಕುಚ್ಚಲಲ್ಲದ ಬಿಳಿ ಅಕ್ಕಿ, 500 ಗ್ರಾಂ (3 ಗಂಟೆ ನೆನೆಸಿ ಬಸಿದದ್ದು), ಒಂದು ದೊಡ್ಡ ಕಾಯಿಯ ಗಟ್ಟಿ ಹಾಲು, ಒಂದು ಮೊಟ್ಟೆ, ಸಕ್ಕರೆ 125 ಗ್ರಾಂ, ಚಿಟಿಕೆ ಉಪ್ಪು, ಎರಡು ಚಮಚ ಕರಿ ಎಳ್ಳು. ಅಕ್ಕಿಯನ್ನು ಕಾಯಿಹಾಲಿನಲ್ಲೇ ನುಣ್ಣಗೆ ರುಬ್ಬಿ, ಬೆರಳಿಗೆ ತರಿ ತಾಗಬಾರದು. ಹಿಟ್ಟಿನ ಹದ ನೀರುದೋಸೆಗಿಂತ ದಪ್ಪ, ಉದ್ದಿನ ದೋಸೆಗಿಂತ ತೆಳು.

ಅಚ್ಚು ಹೊಸದಾದರೆ ಹಿಂದಿನ ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಿ. ಕರಿಯುವಾಗ ಅಚ್ಚು ಬಾಣಲೆಯ ಎಣ್ಣೆಯಲ್ಲೇ ಕಾಯಬೇಕು. ಕಾದ ಅಚ್ಚನ್ನು ಹಿಟ್ಟಿಗೆ ಅದ್ದಿದರೆ ‘ಚುಂಯ್’ ಎಂದು ಸಣ್ಣಗೆ ಸದ್ದಾಗಿ ಹಿಟ್ಟು ಅಂಟಿಕೊಳ್ಳುತ್ತದೆ. ಸದ್ದೇ ಇಲ್ಲವೆಂದರೆ ಅಚ್ಚು ತಣ್ಣಗಿದೆ. ಆ ಹಿಟ್ಟು ಲೋಹಕ್ಕೆ ಕಚ್ಚಿಕೊಂಡು ಎಣ್ಣೆಯಲ್ಲಿ ಬಿಡುವುದಿಲ್ಲ. ಜೋರಾಗಿ ಸಿಡಿದು ಹಿಟ್ಟು ಜಾರಿಬಿದ್ದರೆ ಅಚ್ಚು ಅತಿಯಾಗಿ ಕಾದಿದೆ.

ನಿಮ್ಮ ತೊಂದರೆ ಬಹುಶಃ ಅದ್ದುವ ಆಳದಲ್ಲಿದೆ. ಅಚ್ಚಿನ ಮುಕ್ಕಾಲು ಎತ್ತರ ಮಾತ್ರ ಹಿಟ್ಟಿನೊಳಗೆ ಹೋಗಬೇಕು. ಮೇಲಿನ ಅಂಚನ್ನು ದಾಟಿದರೆ ಹಿಟ್ಟು ಅಚ್ಚಿನ ತಲೆಯ ಮೇಲೆ ಮಡಚಿ ಹಿಡಿದುಕೊಳ್ಳುತ್ತದೆ, ಆಮೇಲೆ ಎಷ್ಟು ಅಲ್ಲಾಡಿಸಿದರೂ ಬಾರದು. ಇನ್ನೊಂದು: ಅಕ್ಕಿ ತಳಕ್ಕೆ ಇಳಿಯುತ್ತದೆ, ಆದ್ದರಿಂದ ಪ್ರತಿ ಸಲ ಅದ್ದುವ ಮೊದಲು ಹಿಟ್ಟನ್ನು ಕಲಕಬೇಕು. ಇಲ್ಲದಿದ್ದರೆ ಮೊದಲಿನ ಹತ್ತು ಚೆನ್ನಾಗಿ ಬಂದು ಕೊನೆಯವು ಕಲ್ಲಾಗುತ್ತವೆ.

ಮೆತ್ತಗಾಗಲು ಎರಡು ಕಾರಣ. ಸಕ್ಕರೆ ಹೆಚ್ಚಾದರೆ ಒಳಗೆ ಗರಿಯಾಗುವ ಮೊದಲೇ ಹೊರಗೆ ಕೆಂಪಾಗುತ್ತದೆ, ನೀವು ಬೇಗ ತೆಗೆದುಬಿಡುತ್ತೀರಿ. ಮೇಲಾಗಿ ಸಕ್ಕರೆ ಗಾಳಿಯ ತೇವವನ್ನು ಎಳೆಯುತ್ತದೆ. ಎರಡನೆಯದು ಡಬ್ಬಿಗೆ ತುಂಬುವ ಅವಸರ. ಕೈಗೆ ಬಿಸಿ ತಾಗದಿದ್ದರೂ ಒಳಗೆ ಉಗುರುಬೆಚ್ಚಗಿರುತ್ತದೆ, ಮುಚ್ಚಳ ಹಾಕಿದರೆ ಬೆವರುತ್ತದೆ. ಕಾಗದದ ಮೇಲೆ ಎರಡು ಗಂಟೆಯಾದರೂ ಹರಡಿ, ಆಮೇಲೆ ಬಿಗಿ ಮುಚ್ಚಳದ ಟಿನ್ನಿಗೆ ತುಂಬಿ.

ಪ್ರಶ್ನೆ: ನೆವ್ರಿಯ ಹೂರಣ ವಾರದಲ್ಲೇ ಮುಗ್ಗಲು ವಾಸನೆ ಬರುತ್ತದೆ. (ಉಡುಪಿ)

ಉತ್ತರ: ಹಸಿ ಕಾಯಿತುರಿ ಹಾಕಿರುತ್ತೀರಿ. ಅದರ ತೂಕದಲ್ಲಿ ಸುಮಾರು ಅರ್ಧ ನೀರೇ. ಒಣ ಕೊಬ್ಬರಿಯನ್ನೇ ಬಳಸಿ, ಅದನ್ನೂ ಸಣ್ಣ ಉರಿಯಲ್ಲಿ ಗರಗರ ಎನ್ನುವವರೆಗೆ ಹುರಿಯಿರಿ. ಚಿರೋಟಿ ರವೆ 200 ಗ್ರಾಂ, ಕೊಬ್ಬರಿ 100, ಎಳ್ಳು 50, ಸಕ್ಕರೆ ಪುಡಿ 200 ಗ್ರಾಂ, ಏಲಕ್ಕಿ ಎಂಟು–ಹತ್ತು. ಒಂದೊಂದನ್ನೂ ಬೇರೆ ಬೇರೆ ಹುರಿದು, ಪೂರ್ತಿ ಆರಿದ ಮೇಲೆ ಸಕ್ಕರೆ ಸೇರಿಸಬೇಕು. ಎಣ್ಣೆಯಲ್ಲಿ ಬಾಯಿ ಬಿಡುತ್ತಿದ್ದರೆ ಹೂರಣ ಕಡಿಮೆ ಮಾಡಿ, ಅಂಚಿಗೆ ನೀರು ಸವರಿ ಒತ್ತಿ. ಒಂದು ಒಡೆದರೂ ಅದರ ಸಕ್ಕರೆ ಕರಿದ ಎಣ್ಣೆಯನ್ನೆಲ್ಲ ಕೆಡಿಸುತ್ತದೆ.

ಪ್ರಶ್ನೆ: ಪೆರಾಡ್ ಗಟ್ಟಿಯಾಗುವುದೇ ಇಲ್ಲ. (ಮೂಡುಬಿದಿರೆ)

ಉತ್ತರ: ಹಣ್ಣು ಅತಿಯಾಗಿ ಮಾಗಿತ್ತೇ? ಬಿಲ್ಲೆ ಕಟ್ಟಿಸುವ ಪೆಕ್ಟಿನ್ ಅಂಶ ಮಾಗುತ್ತ ಹೋದಂತೆ ಕ್ಷೀಣಿಸುತ್ತದೆ. ದೋರೆ ಹಣ್ಣು ಮುಕ್ಕಾಲು ಪಾಲು, ಮಾಗಿದ್ದು ಪರಿಮಳಕ್ಕೆ ಕಾಲು ಪಾಲು ಇರಲಿ. ಬೀಜ ಸೋಸಿದ ತಿರುಳು 1 ಕಿಲೋಗೆ ಸಕ್ಕರೆ 800 ಗ್ರಾಂ, ಎರಡು ಲಿಂಬೆಯ ರಸ, ಕೊನೆಗೆ ಎರಡು ಚಮಚ ಬೆಣ್ಣೆ. ದಪ್ಪ ತಳದ ಪಾತ್ರೆಯಲ್ಲಿ ಕೈಬಿಡದೆ ತಿರುವಿ. ಸೌಟು ಎಳೆದ ದಾರಿಯಲ್ಲಿ ತಳ ಕಂಡು, ಮುದ್ದೆ ಬದಿ ಬಿಟ್ಟು ಒಂದೇ ಉಂಡೆಯಾಗಿ ತಿರುಗಿದಾಗ ಇಳಿಸಬೇಕು. ಮುಕ್ಕಾಲು ಗಂಟೆಗೆ ಕಡಿಮೆಯಲ್ಲಿ ಆಗುವುದಿಲ್ಲ. ತಿರುಳು ಕುದಿದು ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಬೇಕು.

ಪ್ರಶ್ನೆ: ಗೋದಲಿಗೆ ಬೆಳೆಸಿದ ಪೈರು ಹಳದಿಯಾಗಿ ಬಾಗಿಬೀಳುತ್ತದೆ, ಬುಡದಲ್ಲಿ ಬಿಳಿ ಬೂಷ್ಟು. (ಚಿಕ್ಕಮಗಳೂರು)

ಉತ್ತರ: ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ; ಅದರ ಸುತ್ತ ಹಸಿರಿಗೆ ಈ ಪೈರು. ಬೂಷ್ಟಿಗೆ ಕಾರಣ ನಿಂತ ನೀರು ಮತ್ತು ಒತ್ತಾದ ಬಿತ್ತನೆ, ಹಳದಿಗೆ ಕಾರಣ ಕತ್ತಲು. ರಾಗಿಯನ್ನು 13ರ ರಾತ್ರಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿಡಿ, 15ರಂದು ಬಿತ್ತಿ. ಭತ್ತವಾದರೆ ಮೂರು ದಿನ ಮುಂಚೆ ಶುರು ಮಾಡಿ. ತಳದಲ್ಲಿ ತೂತು ಮಾಡಿದ ಅಡಿಕೆ ಹಾಳೆ ಅಥವಾ ತಟ್ಟೆಯಲ್ಲಿ ಒಂದಿಂಚು ಮಣ್ಣು–ತೆಂಗಿನ ನಾರಿನ ಪುಡಿ ಹರಡಿ. ಕಾಳಿನ ಮೇಲೆ ಕಾಳು ಕೂರದಂತೆ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ. ನೀರನ್ನು ಸುರಿಯಬಾರದು, ಬೆಳಿಗ್ಗೆ–ಸಂಜೆ ಕೈಯಿಂದ ಚಿಮುಕಿಸಬೇಕು. ಮೊಳಕೆ ಮೇಲೆದ್ದ ಕೂಡಲೇ ಬೆಳಗಿನ ಬಿಸಿಲಿಗೆ ಇಡಿ. ಮಧ್ಯಾಹ್ನದ ಬಿಸಿಲು ಬೇಡ. ಚಿಕ್ಕಮಗಳೂರಿನ ಚಳಿಗೆ ಎರಡು ದಿನ ಹೆಚ್ಚು ಹಿಡಿಯುತ್ತದೆ, ಅಷ್ಟು ಮುಂಚೆ ನೆನೆಸಿಕೊಳ್ಳಿ.

ಗೋದಲಿಯ ಮಾಡಿಗೆ ಬೈಹುಲ್ಲು ಹಾಕುವವರು ಹಳೆಯ ಬಿಸಿ ಬಲ್ಬುಗಳನ್ನು ದಯವಿಟ್ಟು ದೂರವಿಡಿ, ಎಲ್‌ಇಡಿ ಸರ ಸಾಕು. ವಯರಿನ ಜೋಡಣೆ ಹುಲ್ಲಿನ ಅಡಿಗೆ ಬರಬಾರದು, ಪೈರಿಗೆ ಚಿಮುಕಿಸುವ ನೀರೂ ಅಲ್ಲಿಗೆ ತಲುಪಬಾರದು.

ಪ್ರಶ್ನೆ: ಅಂಗಡಿಯದು ಬೇಡ, ಬಿದಿರಿನ ನಕ್ಷತ್ರವನ್ನೇ ಕಟ್ಟಬೇಕೆಂದಿದ್ದೇವೆ. ಅಳತೆ ತಿಳಿಸಿ. (ಕುಂದಾಪುರದ ಯುವಕರ ತಂಡ)

ಉತ್ತರ: ಒಳ್ಳೆಯ ಕೆಲಸ. 36 ಇಂಚಿನ 10 ಬಿದಿರ ಸಲಿಕೆ, 6 ಇಂಚಿನ 5 ಗಟ್ಟಿ ತುಂಡು ಸಿದ್ಧಮಾಡಿ. ಪ್ರತಿ ಸಲಿಕೆಗೂ ಎರಡು ತುದಿಯಿಂದ 13¾ ಇಂಚಿಗೆ ಗುರುತು ಹಾಕಿ, ನಡುವೆ 8½ ಇಂಚು ಉಳಿಯುತ್ತದೆ. ಐದು ಸಲಿಕೆಗಳು ಈ ಗುರುತಿನಲ್ಲೇ ಒಂದನ್ನೊಂದು ದಾಟಬೇಕು. ಕಣ್ಣಳತೆಯಲ್ಲಿ ಕಟ್ಟಿದ ನಕ್ಷತ್ರ ಸೊಟ್ಟಗಾಗುವುದು ಇಲ್ಲಿಯೇ. ಹೀಗೆ ಎರಡು ಕಟ್ಟಿ, ಒಂದರ ಮೇಲೊಂದಿಟ್ಟು ಐದೂ ಮೂಲೆಗಳನ್ನು ಬಿಗಿಯಿರಿ. ಆಮೇಲೆ ಒಳಗಿನ ಐದು ಕೂಡುಗಳಲ್ಲಿ ತುಂಡುಗಳನ್ನು ನಿಲ್ಲಿಸಿ, ಹೊಟ್ಟೆ ಉಬ್ಬುತ್ತದೆ.

ಕಾಗದಕ್ಕೆ ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ತಿನ್ನದು. ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ. ಬೆನ್ನ ಕಡೆ ಒಂದು ಎಸಳನ್ನು ಅಂಟಿಸದೆ ಬಿಡಿ, ಬಲ್ಬು ಹಾಕಲು. 5 ವಾಟ್ಸ್ ಎಲ್‌ಇಡಿ ಸಾಕು, ಹಳೆಯ 60ರ ಬಲ್ಬು ಕಾಗದವನ್ನು ಸುಡುತ್ತದೆ. ಡಿಸೆಂಬರಿನ ಇಬ್ಬನಿಗೆ ಕಾಗದ ಜೋಲುತ್ತದೆ, ಮಾಡಿನ ಅಡಿಯಲ್ಲೇ ತೂಗುಹಾಕಿ.

ಪ್ರಶ್ನೆ: ಬಾಲಯೇಸುವನ್ನು ಗೋದಲಿಯಲ್ಲಿ ಯಾವಾಗ ಇಡಬೇಕು? ಯಾವಾಗ ಬಿಚ್ಚಬೇಕು? (ಮೈಸೂರು)

ಉತ್ತರ: 24ರ ರಾತ್ರಿಯ ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆ. ಅಲ್ಲಿಯವರೆಗೆ ತೊಟ್ಟಿಲು ಖಾಲಿಯೇ ಇರಲಿ. ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ಗೊಂಬೆಗಳನ್ನು ದೂರದ ಮೂಲೆಯಲ್ಲಿಟ್ಟು ದಿನಕ್ಕಿಷ್ಟು ಮುಂದೆ ಸರಿಸುತ್ತ, ಜನವರಿ 6ರ ಮೂವರು ರಾಯರ ಹಬ್ಬದಂದು ತೊಟ್ಟಿಲ ಬಳಿಗೆ ತರುವುದು ಹಲವು ಮನೆಗಳ ರೂಢಿ; ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ಆ ಹಬ್ಬ ಕಳೆದ ಮೇಲೆ ಬಿಚ್ಚಬಹುದು. ಗೊಂಬೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ಒಂದೊಂದನ್ನೂ ಕಾಗದದಲ್ಲಿ ಸುತ್ತಿಡಿ. ಬೈಹುಲ್ಲನ್ನು ಮುಂದಿನ ವರ್ಷಕ್ಕೆ ಇಡಬೇಡಿ, ಮಳೆಗಾಲದಲ್ಲಿ ಹುಳ ಬೀಳುತ್ತದೆ. ಹುಲ್ಲು, ಪೈರು ಎರಡನ್ನೂ ಬಣ್ಣ–ಮಿಂಚುಪುಡಿ ತಾಗದಿದ್ದರೆ ದನಕ್ಕೆ ಹಾಕಿ, ತಾಗಿದ್ದರೆ ಹಾಕಬೇಡಿ.